ಮಾಡು ಗುಡಿಸುವ ಉನೈಸಿ

"ತುಲೋ... ತುಲೋ..."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಬುತಾ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ನರಪಿಳ್ಳೆಯೂ ಇಲ್ಲ, ತರಗತಿಗಳ ಬಾಗಿಲಿಗೆ ಬೀಗ ಬಿದ್ದಿದೆ. ಆದರೂ ಏಣಿ ಹತ್ತುತ್ತಿರುವ ಈ ಮಹಿಳೆ ಪ್ರತಿ ಮೆಟ್ಟಿಲಿಗೂ ನಿಂತು ಖಾಲಿ ಕೋಣೆಯ ಕ್ಷಮೆ ಕೇಳುತ್ತಿದ್ದಾರೆ. ಸೊಂಟಕ್ಕೆ ಸಿಕ್ಕಿಸಿದ ತೆಂಗಿನಕಡ್ಡಿಯ ಪೊರಕೆ, ಮೊಣಕಾಲಿಗೆ ಕಟ್ಟಿದ ಹಳೆಯ ಗೋಣಿಪಟ್ಟಿ, ತಲೆಗೆ ಬಿಗಿದ ಗಂಡನ ಹಳೆಯ ಅಂಗಿಯ ತೋಳು. ತಗಡು ಹೊದಿಸಿದ ಮಾಡಿನ ಅಂಚು ಮುಟ್ಟಿದವರೇ ಮಂಡಿಯೂರುತ್ತಾರೆ, ಗುಡಿಸಲು ಶುರು ಮಾಡುತ್ತಾರೆ.

ನಮ್ಮಲ್ಲಿ ಕೂತವರ ತಲೆಯ ಮೇಲಿಂದ ಕೈಚಾಚಿ ಉಪ್ಪಿನ ಡಬ್ಬ ತೆಗೆಯಬೇಕಾದರೂ ತುಲೋ ಹೇಳಬೇಕು. ತಲೆ ಎಂದರೆ ಅಷ್ಟು ದೊಡ್ಡದು. ಹಾಗಿರುವಾಗ ಊರಿನ ಮಕ್ಕಳೆಲ್ಲ ಕೂರುವ ಕೋಣೆಯ ನೆತ್ತಿಯನ್ನೇ ಏರುವುದೆಂದರೆ ಸಣ್ಣ ಮಾತಲ್ಲ.

"ಒಳಗೆ ಯಾರೂ ಇಲ್ವಲ್ಲ ಬುಬೂ," ಎಂದು ಕೆಳಗಿನಿಂದ ಕೂಗುತ್ತೇನೆ. ಶಾಲೆಯ ಮಕ್ಕಳಿಗೆಲ್ಲ ಅವರು ಬುಬೂ, ಅಜ್ಜಿ. ಪತ್ರಿಕೆಗೆ ಬರೆಯಲು ಬಂದ ನನ್ನಂಥ ಗಡ್ಡದವರಿಗೂ ಅದೇ ಬಾಯಿಗೆ ಬರುತ್ತದೆ.

"ಬೆಂಚಿವೆ ಅಲ್ವೇನೋ ಮಗಾ. ಮಕ್ಕಳು ಕೂರೋ ಬೆಂಚು. ಅದಕ್ಕೂ ಒಂದ್ಮಾತು ಹೇಳ್ಬಿಟ್ರೆ ನಂಗೆ ನೆಮ್ಮದಿ."

ಉನೈಸಿ ಈ ಶಾಲೆಯ ಕಸಗುಡಿಸುವವರು. ಸರ್ಕಾರದ ಕಾಗದದಲ್ಲಿ ಅಷ್ಟೇ ಇದೆ. ಎಲ್ಲರೂ ನೆಲ ಗುಡಿಸಿದರೆ ಇವರು ಮಾಡನ್ನೂ ಗುಡಿಸುತ್ತಾರೆ ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ಪೇಟೆಯ ಕೊನೆಯ ಗಣಿ ಕ್ವಾರ್ಟರ್ಸ್ ದಾಟಿ, ಲಾರಿ ರಸ್ತೆಯನ್ನು ಬಿಟ್ಟು ಎಡಕ್ಕೆ ಹೊರಳಿದರೆ ಸಿಗುವ ಈ ಶಾಲೆಗೆ ಕುಡಿಯುವ ನೀರು ಬರುವುದು ಆಕಾಶದಿಂದ. ಮಾಡಿಗೆ ಬಿದ್ದ ಮಳೆ ಸೂರಿನ ತಗಡುದೋಣಿಗೆ ಇಳಿದು, ಅಲ್ಲಿಂದ ಪೈಪಿನಲ್ಲಿ ಟ್ಯಾಂಕು ಸೇರುತ್ತದೆ. ತೊರೆಯೊಂದು ಹತ್ತಿರದಲ್ಲೇ ಇದೆ. ಗಣಿಯ ಕಡೆಯಿಂದ ಇಳಿದು ಬರುವ ಆ ನೀರಿನಲ್ಲಿ ಬಟ್ಟೆ ಒಗೆಯುತ್ತೇವೆ, ಕುಡಿಯುವುದಿಲ್ಲ.

ಮಳೆಯಿಲ್ಲದ ತಿಂಗಳುಗಳಲ್ಲಿ ಮಾಡಿನ ಮೇಲೆ ಎರಡು ಬಣ್ಣ ಕೂರುತ್ತವೆ. ಗಣಿ ರಸ್ತೆಯ ಬೂದು ಹುಡಿ ಒಂದು, ಕಬ್ಬಿನ ಗದ್ದೆಗೆ ಬೆಂಕಿ ಕೊಟ್ಟಾಗ ಹಾರಿ ಬರುವ ಕರಿ ಮಸಿ ಇನ್ನೊಂದು. ಕಟಾವಿನ ಕಾಲದಲ್ಲಿ ನಮ್ಮೂರಲ್ಲಿ ಬಿಳಿ ಅಂಗಿ ಒಣಹಾಕಿದವನನ್ನು ನೋಡಿ ನಗುತ್ತೇವೆ. ಆದರೆ ಅದೇ ಮಸಿ ಮೊದಲ ಮಳೆಯಲ್ಲಿ ಟ್ಯಾಂಕಿಗೆ ಇಳಿದರೆ ನಗು ಬರುವುದಿಲ್ಲ. ಅದಕ್ಕೇ ಉನೈಸಿ ವಾರಕ್ಕೆರಡು ಸಲ ಮಾಡು ಹತ್ತುತ್ತಾರೆ, ಮೋಡ ಕಂಡರೆ ಎಲ್ಲ ಕೆಲಸ ಬಿಟ್ಟು ಹತ್ತುತ್ತಾರೆ.

ಈವತ್ತು ಮೋಡ ಇದೆ. ನಿನ್ನೆ ಸಂಜೆ ಗುಡ್ಡದಾಚೆಯ ಗದ್ದೆ ಉರಿದದ್ದರಿಂದ ಮಸಿಯೂ ಬೇಕಾದಷ್ಟಿದೆ. ಟ್ಯಾಂಕುಗಳೋ ತಳ ಕಾಣುತ್ತಿವೆ. ಹೋದ ವಾರದಿಂದ ಮಕ್ಕಳು ಮನೆಯಿಂದಲೇ ಬಾಟಲಿ ತರುತ್ತಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ದೊಡ್ಡವರ ಬಾಟಲಿಗೆ ಚಿಕ್ಕವರು ಬಾಯಿ ಬಿಡುತ್ತಾರೆ.

"ಏಯ್ ಮುದಿ ಬೆಕ್ಕೇ! ಬಿದ್ರೆ ಶಾಲೆ ಖರ್ಚಲ್ಲಿ ಹೂಳಲ್ಲ, ಮೊದಲೇ ಹೇಳಿದೀನಿ!"

ಇದು ಮುಖ್ಯ ಶಿಕ್ಷಕರಾದ ಪೌಲಿಯಾಸಿ ಮೇಷ್ಟ್ರ ಸುಪ್ರಭಾತ. ಕೈಯಲ್ಲಿ ನಿಂಬೆಎಲೆ ಚಹಾದ ಲೋಟ, ಇನ್ನೂ ಬಾಚದ ತಲೆ. ಬಾಚಲು ಅಲ್ಲಿ ಹೆಚ್ಚೇನೂ ಇಲ್ಲ.

"ನೀನು ಕೆಳಗೇ ನಿಂತಿರು ಬೋಳಾ, ನಿನ್ನ ಮೇಲೇ ಬೀಳ್ತೀನಿ. ತಿಂದು ತಿಂದು ಮೆತ್ತಗಾಗಿದೀಯ," ಎಂದು ಮಾಡಿನಿಂದ ಉತ್ತರ ಬರುತ್ತದೆ.

ಹೊರಗಿನವರು ಇದನ್ನು ಕೇಳಿದರೆ ಜಗಳವೆಂದು ತಿಳಿದಾರು. ಮೇಷ್ಟ್ರ ಊರೂ ಉನೈಸಿಯ ತವರೂ ಒಂದೇ ಮೂಲದೈವದ ಒಕ್ಕಲು. ಅಂಥ ಊರುಗಳವರು ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬಯ್ಯಬಹುದು, ಒಬ್ಬರ ಕೋಳಿಯನ್ನು ಇನ್ನೊಬ್ಬರು ಹೇಳದೆ ಕೇಳದೆ ಹಿಡಿದು ಬೇಯಿಸಬಹುದು. ಮುಖ ಊದಿಸಿಕೊಂಡವರು ಸೋತಂತೆ. ಇವರಿಬ್ಬರೂ ಇಷ್ಟು ವರ್ಷದಲ್ಲಿ ಒಮ್ಮೆಯೂ ಸೋತಿಲ್ಲ, ಇಬ್ಬರ ಅಂಗಳದಲ್ಲೂ ಕೋಳಿ ಉಳಿದಿಲ್ಲ.

ಉನೈಸಿಯ ತವರು ಹೊಳೆಯೂ ಇಲ್ಲದ, ಬಾವಿಯೂ ಇಲ್ಲದ ಒಂದು ಪುಟ್ಟ ದ್ವೀಪ. ಅಲ್ಲಿ ಮನೆಯ ಮಾಡೇ ಬಾವಿ. "ನಮ್ಮ ಕಡೆ ಹೆಣ್ಣು ನೋಡೋಕೆ ಬಂದ್ರೆ ಮೊದ್ಲು ಮಾಡು ನೋಡ್ತಾರೆ. ಮಾಡು ಕೊಳಕಾಗಿದ್ರೆ ಹುಡುಗಿ ಎಷ್ಟು ಚಂದ ಇದ್ರೂ ದೋಣಿ ವಾಪಸ್ಸು," ಎಂದು ನಗುತ್ತಾರೆ. ಮದುವೆಯಾಗಿ ಇಲ್ಲಿಗೆ ಬಂದಾಗ ಇವರಿಗೆ ಮೊದಲು ಕಂಡದ್ದೇ ಶಾಲೆಯ ಮಾಡು. ಗಂಡಸರಾರೂ ಹತ್ತುತ್ತಿರಲಿಲ್ಲ. ಮಕ್ಕಳ ತಲೆಯ ಮೇಲೆ ಓಡಾಡುವುದೇ, ಛೆ, ಎನ್ನುತ್ತಿದ್ದರು. "ಸರಿ, ಶನಿವಾರ ಮಕ್ಕಳಿರಲ್ಲ, ಆಗ ಹತ್ರಿ ಅಂದೆ. ಶನಿವಾರ ಫುಟ್ಬಾಲ್ ಅಂದ್ರು. ಆಗ ಗೊತ್ತಾಯ್ತು, ಇದು ತಲೆ ವಿಷಯ ಅಲ್ಲ, ಸೊಂಟದ ವಿಷಯ ಅಂತ."

ಗಂಡ ಸಾಕಿಯೂಸಾ ಗಣಿಯಲ್ಲಿ ನೆಲದಡಿಯ ಕೆಲಸ ಮಾಡುವ ಆಳು. ಬೆಟ್ಟದ ಹೊಟ್ಟೆಯೊಳಗೆ ಹೆದರದೆ ಇಳಿಯುವ ಈ ಮನುಷ್ಯನಿಗೆ ಏಣಿಯ ಮೂರನೇ ಮೆಟ್ಟಿಲಿಗೆ ಕಾಲು ನಡುಗುತ್ತದೆ. ಏಣಿ ಹಿಡಿದುಕೊಳ್ಳಲು ಬರುತ್ತಾರೆ, ಕಣ್ಣು ಮುಚ್ಚಿಕೊಂಡು ಹಿಡಿಯುತ್ತಾರೆ. "ಅವನು ನೆಲದ ಕೆಳಗೆ, ನಾನು ಮಾಡಿನ ಮೇಲೆ. ಮಧ್ಯದಲ್ಲಿ ಮಕ್ಕಳು ಓದ್ಕೋತಾರೆ," ಎನ್ನುತ್ತಾರೆ ಉನೈಸಿ. ನನಗೆ ಈ ಸಂಸಾರದ ಮೇಲೆ ಬಲು ಪ್ರೀತಿ.

ಏಣಿಯ ಬುಡದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಯಂಗೋನಾ ಬೇರಿನ ಕಟ್ಟೊಂದಿದೆ. ಬೇರನ್ನು ಕುಟ್ಟಿ ನೀರಲ್ಲಿ ಕಲಸಿದ ಪಾನಕವಿಲ್ಲದೆ ನಮ್ಮಲ್ಲಿ ಸಭೆಯೂ ನಡೆಯದು, ಸಾವೂ ಸಾಗದು. ಈವತ್ತು ಪೋಷಕರ ಸಭೆ, ಊರಿನ ದೊರೆ ರಾತು ಸೆವನಾಯಾ ಬರುವವರಿದ್ದಾರೆ, ಸಭೆಗೆಂದೇ ತಂದಿರಬೇಕು ಎಂದುಕೊಳ್ಳುತ್ತೇನೆ. ಕೇಳುವುದಿಲ್ಲ.

ಆದರೆ ಮೇಷ್ಟ್ರು ಕೆಳಗಿನಿಂದ ದೊರೆಯ ಹೆಸರೆತ್ತಿದಾಗ ಉನೈಸಿಯ ಪೊರಕೆ ತುಸು ನಿಲ್ಲುತ್ತದೆ. ಅದಕ್ಕೆ ಕಾರಣವಿದೆ, ಅದನ್ನು ಇಡೀ ಊರು ಬಲ್ಲದು.

ಎರಡು ವರ್ಷದ ಕೆಳಗೆ ಇಂಥದೇ ಒಂದು ಸಭೆ. ದೊರೆ ಶಾಲೆಯ ದೊಡ್ಡ ಸಭಾ ಹಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದರು. ಉನೈಸಿಯೂ ಹಿಂದಿನ ಸಾಲಿನಲ್ಲಿದ್ದರು. ಹಾಲಿನ ಮಾಡು ಎಲ್ಲಕ್ಕಿಂತ ದೊಡ್ಡದು, ಅದರ ನೀರು ಬೀಳುವ ಟ್ಯಾಂಕೂ ದೊಡ್ಡದು. ನೀರನ್ನು ಹೊರಕ್ಕೆ ತಿರುಗಿಸುವ ಪೈಪಿನ ಮೊಣಕೈ ಇರುವುದು ಮಾಡಿನ ಅಂಚಿನಲ್ಲಿ. ಹತ್ತದೆ ಅದು ಕೈಗೆ ಸಿಗದು. ಯಂಗೋನಾ ಹಂಚುತ್ತಿರುವಾಗ ಮಳೆ ಶುರುವಾಯಿತು. ತಿಂಗಳುಗಟ್ಟಲೆಯ ಹುಡಿ, ಮಸಿ, ಹಕ್ಕಿಯ ಹಿಕ್ಕೆ ಎಲ್ಲ ತೊಳೆದುಕೊಂಡು ಟ್ಯಾಂಕಿಗೆ ಹೋಗುತ್ತಿರುವುದು ಒಳಗಿದ್ದ ಪ್ರತಿಯೊಬ್ಬರಿಗೂ ಗೊತ್ತು. ದೊರೆಯ ತಲೆಯ ಮೇಲೆ ಹತ್ತುವವರಾರು? ದೊರೆಗೆ ಏಳಿ ಎನ್ನುವವರಾರು? ಯಾರೂ ಮಿಸುಕಲಿಲ್ಲ. ಎಲ್ಲರೂ ಮರ್ಯಾದೆಯಿಂದ ಕೂತು ಮಳೆಯ ಸದ್ದು ಕೇಳಿದರು. ಇಂಥ ತಪ್ಪು ಮಾಡಲು ನಮ್ಮವರೇ ಆಗಬೇಕು.

ನಾಲ್ಕಾರು ದಿನದಲ್ಲಿ ಮಕ್ಕಳ ಹೊಟ್ಟೆ ಕೆಟ್ಟಿತು. ಟ್ಯಾಂಕು ಬರಿದು ಮಾಡಿ ತೊಳೆದದ್ದಾಯಿತು, ಮತ್ತೆ ಮಳೆ ಬರಲಿಲ್ಲ, ಶಾಲೆ ಮುಚ್ಚಿತು. ಮಕ್ಕಳನ್ನು ಪೇಟೆಯ ಶಾಲೆಗೆ ಬಸ್ಸಿನಲ್ಲಿ ಕಳಿಸಿದರು. ಅಲ್ಲಿ ನಲ್ಲಿ ತಿರುಗಿಸಿದರೆ ನೀರು. ಬಾಗಿಲು ಮತ್ತೆ ತೆರೆದಾಗ ಒಂದು ತರಗತಿಯಷ್ಟು ಮಕ್ಕಳು ಮರಳಿ ಬರಲೇ ಇಲ್ಲ. ಈ ವರ್ಷ ಶಿಕ್ಷಣ ಕಚೇರಿಯವರು ಬಾಯಿ ಬಿಟ್ಟು ಹೇಳಿದ್ದಾರೆ: ಇನ್ನೊಮ್ಮೆ ನೀರಿಲ್ಲದೆ ಮುಚ್ಚಿದರೆ ನಾಬುತಾ ಶಾಲೆಯನ್ನು ಪೇಟೆಯದಕ್ಕೆ ಸೇರಿಸುತ್ತೇವೆ.

"ನಾನೂ ಒಳಗೇ ಕೂತಿದ್ದೆ ಅವತ್ತು," ಎನ್ನುತ್ತಾರೆ ಉನೈಸಿ. "ಹೊಸ ಸುತ್ತುಬಟ್ಟೆ ಉಟ್ಟಿದ್ದೆ, ತಲೆಗೆ ಹೂ ಮುಡಿದಿದ್ದೆ. ಕಿವಿ ಮುಚ್ಕೊಳೋಣ ಅಂದ್ರೆ ಅದೂ ಮರ್ಯಾದೆ ಅಲ್ಲ."

ತರಗತಿಗಳ ಮಾಡು ಮುಗಿಯುವಷ್ಟರಲ್ಲಿ ಬಿಸಿಲು ಏರಬೇಕಿತ್ತು. ಏರುವುದಿಲ್ಲ. ಗುಡ್ಡದ ಮೇಲೆ ಮೋಡ ಕಪ್ಪುಗಟ್ಟುತ್ತಿದೆ. ಉಳಿದಿರುವುದು ದೊಡ್ಡ ಹಾಲಿನ ಮಾಡೊಂದೇ. ಉನೈಸಿ ಏಣಿಯನ್ನು ಅತ್ತ ಎಳೆಯುತ್ತಿರುವಾಗ ಗೇಟಿನಲ್ಲಿ ದೊರೆಯ ವ್ಯಾನು ಹಾರನ್ ಹೊಡೆಯುತ್ತದೆ. ಹೇಳಿದ ಹೊತ್ತಿಗಿಂತ ಬಹಳ ಮುಂಚೆ. ನಮ್ಮ ದೊರೆಗಳು ಎಂದೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಮೇಷ್ಟ್ರು ಲೋಟ ಎಸೆದು ಅಂಗಿ ಹುಡುಕಲು ಓಡುತ್ತಾರೆ. ಹಾರನ್ ಕೇಳಿ ಪೋಷಕರೂ ಓಡಿ ಬರುತ್ತಾರೆ. ನೋಡನೋಡುತ್ತಿದ್ದಂತೆ ಚಾಪೆ ಹಾಸಿ, ಯಂಗೋನಾ ಕಲಸುವ ಮರದ ಬಟ್ಟಲಿಟ್ಟು, ರಾತು ಸೆವನಾಯಾ ಹಾಲಿನ ಮುಂದುಗಡೆ ದೊರೆಯ ಜಾಗದಲ್ಲಿ ಕೂತಾಗಿದೆ. ಎದುರಿಗೆ ಅವರ ಮಾತುಗಾರ ತೋಮಾಸಿ. ದೊರೆಗೆ ಹೇಳಬೇಕಾದ್ದನ್ನೆಲ್ಲ ಇವರ ಬಾಯಿಂದಲೇ ಹೇಳಿಸಬೇಕು, ದೊರೆ ಕೈಯಳತೆಯಲ್ಲಿ ಕೂತಿದ್ದರೂ.

ಉನೈಸಿ ಏಣಿಯನ್ನು ಗೋಡೆಗೆ ಒರಗಿಸಿ ನಿಲ್ಲುತ್ತಾರೆ. ಮೋಡ ನೋಡುತ್ತಾರೆ. ಆಮೇಲೆ ಬೇರಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹಾಲಿನ ಬಾಗಿಲಿಗೆ ಹೋಗಿ, ಹೊಸ್ತಿಲ ಹೊರಗೇ ಕಾಲು ಮಡಚಿ ಕೂರುತ್ತಾರೆ. ಮೈಯೆಲ್ಲ ಮಸಿ. ಅಂಗೈ ಬಟ್ಟಲು ಮಾಡಿ, ಮಾತಾಡಲು ಅಪ್ಪಣೆ ಬೇಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರೆ. ನಾನು ಕಿಟಕಿಯ ಬಳಿ ನಿಂತು ಇಣುಕುತ್ತೇನೆ. ಒಳಗೆ ದೊರೆಯ ಕೈಗೆ ಮೊದಲ ತೆಂಗಿನಚಿಪ್ಪು ಯಂಗೋನಾ ಕೊಡುತ್ತಿದ್ದಾರೆ. ಆ ಹೊತ್ತಿನಲ್ಲಿ ನಮ್ಮಲ್ಲಿ ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ.

ತೋಮಾಸಿ ತಲೆ ತಿರುಗಿಸದೆ ಹಲ್ಲು ಕಡಿಯುತ್ತಾರೆ. "ಯಾರದು? ಚಿಪ್ಪು ಎತ್ತಿರೋದು ಗೊತ್ತಾಗಲ್ವಾ?"

"ತುಲೋ ದೊಡ್ಮಾವ. ನಂಗೆ ಗೊತ್ತಾಗುತ್ತೆ. ಮೋಡಕ್ಕೆ ಗೊತ್ತಾಗ್ತಿಲ್ಲ."

ಯಾರೋ ಕಿಸಕ್ಕೆಂದು ತಕ್ಷಣ ಸುಮ್ಮನಾಗುತ್ತಾರೆ.

"ಏನಾಗ್ಬೇಕು ನಿಂಗೆ?"

"ಒಡೆಯರಿಗೆ ಹೇಳಿ ದೊಡ್ಮಾವ. ಉನೈಸಿ ಈ ಮಾಡು ಹತ್ಬೇಕು. ಒಡೆಯರು ಕೆಳಗಿರುವಾಗ ಅವರ ತಲೆ ಮೇಲೆ ಕಾಲಿಡಲ್ಲ, ಸತ್ರೂ ಇಡಲ್ಲ. ಆದ್ರೆ ಮಕ್ಕಳ ನೀರಿಗೆ ಮಸಿ ಇಳಿಯೋದನ್ನ ಇನ್ನೊಂದ್ಸಲ ಕೂತು ಕೇಳೋಕೂ ನನ್ ಕೈಲಾಗಲ್ಲ. ಮೊಣಕೈ ತಿರುಗಿಸಿ ಮಳೆಯೆಲ್ಲ ಹೊರಗೆ ಬಿಟ್ರೆ ಟ್ಯಾಂಕು ಖಾಲಿ, ಬಿಡ್ದಿದ್ರೆ ಕೊಳಕು. ಹೇಗಾದ್ರೂ ಶಾಲೆಗೆ ಬೀಗ. ಒಡೆಯರೇ ದಾರಿ ಹೇಳ್ಬೇಕು."

ತೋಮಾಸಿ ಬಾಯಿ ಒದ್ದೆ ಮಾಡಿಕೊಂಡು ದೊರೆಯತ್ತ ಬಾಗುತ್ತಾರೆ. "ಒಡೆಯರೇ, ನಮ್ಮ ಮನೆ ಸೊಸೆ... ಮಾಡಿನ ವಿಚಾರ... ಸಭೆ ಮುಗಿದ ಮೇಲೆ ಏನೋ ಅರಿಕೆ ಮಾಡ್ಕೋಬೇಕು ಅಂತ..."

"ನನ್ ಕಿವಿ ಚೆನ್ನಾಗೇ ಇದೆ ತೋಮಾಸಿ."

ರಾತು ಸೆವನಾಯಾ ಭಾರಿ ಆಳು, ಮಾತು ಕಡಿಮೆ. ಕೈಯಲ್ಲಿದ್ದ ಚಿಪ್ಪನ್ನು ಅವಸರವಿಲ್ಲದೆ ಕೊನೆಯ ಹನಿವರೆಗೂ ಕುಡಿಯುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಚಿಪ್ಪು ಕೆಳಗಿಡುತ್ತಾರೆ.

"ಎರಡು ವರ್ಷದ ಕೆಳಗೆ ಸಭೇಲಿ ಮಳೆ ಬಂದಾಗ ನಾನು ಇಲ್ಲೇ ಕೂತಿದ್ದೆ, ಅಲ್ವಾ?"

ಎಲ್ಲರೂ ಚಾಪೆಯ ಹೆಣಿಗೆ ನೋಡುತ್ತಾರೆ.

"ಶಾಲೆ ಮುಚ್ತು ಅಂತ ನಂಗೆ ಪೇಟೆ ಮಾರ್ಕೆಟ್ಟಲ್ಲಿ ಗೊತ್ತಾಯ್ತು. ಮೀನು ಮಾರೋಳು ಹೇಳಿದ್ಲು. ನೀವ್ಯಾರೂ ಅವತ್ತು ನಂಗೆ ಏಳಿ ಅನ್ಲಿಲ್ಲ."

"ಹೇಗೆ ಅನ್ನೋದು ಒಡೆಯರೇ," ಎನ್ನುತ್ತಾರೆ ತೋಮಾಸಿ, ಅಳುವುದೊಂದು ಬಾಕಿ.

"ಈಗ ಅವಳು ಅಂದ್ಲಲ್ಲ, ಹಾಗೆ."

ದೊರೆ ಏಳುತ್ತಾರೆ. ದೊರೆ ನಿಂತಿರುವಾಗ ಯಾರೂ ಅವರಿಗಿಂತ ಎತ್ತರವಾಗಿರಬಾರದು, ಹಾಗಾಗಿ ಇಡೀ ಸಭೆ ಮಂಡಿಯಲ್ಲೇ ತೆವಳುತ್ತ ಹಿಂದೆ ಹೊರಡುತ್ತದೆ. ಇಬ್ಬರು ಬಟ್ಟಲನ್ನು ತುಳುಕದಂತೆ ಹೊರುತ್ತಾರೆ, ಮೇಷ್ಟ್ರು ಚಾಪೆ ಸುತ್ತಿಕೊಂಡು ಬಗ್ಗಿಯೇ ಓಡುತ್ತಾರೆ. ಅಂಗಳದ ಮಾವಿನ ಮರದ ಕೆಳಗೆ ಸಭೆ ಮತ್ತೆ ಕೂರುತ್ತದೆ.

"ಮಳೆ ಬರುತ್ತೆ ಒಡೆಯರೇ," ಎನ್ನುತ್ತಾರೆ ತೋಮಾಸಿ.

"ಬರ್ಲಿ. ನಾನೇನು ಸಕ್ಕರೆನಾ ಕರಗೋಕೆ?"

ಉನೈಸಿ ಇದನ್ನೆಲ್ಲ ನೋಡಲು ಅಲ್ಲಿಲ್ಲ. ದೊರೆಯ ಕಾಲು ಹೊಸ್ತಿಲು ದಾಟಿದ್ದೇ ತಡ, ಅವರು ಏಣಿಯ ಮೇಲಿದ್ದಾರೆ. ತುಲೋ, ತುಲೋ ಎನ್ನುತ್ತ ಮಾಡಿನ ನೆತ್ತಿ ಮುಟ್ಟಿ, ಮೇಲಿಂದ ಕೆಳಕ್ಕೆ ತಗಡಿನ ಒಂದೊಂದು ಮಡಿಕೆಯಲ್ಲೂ ಪೊರಕೆ ಎಳೆಯುತ್ತಾರೆ. ಮಸಿ ಸೂರಿನ ಕೆಳಗೆ ಸುರಿಯುತ್ತಿದೆ. ನಿಂತು ಗುಡಿಸಿದರೆ ಬೇಗ ಮುಗಿದೀತು, ಆದರೆ ಮರದಡಿ ದೊರೆ ಕೂತಿದ್ದಾರೆ. ಅವರ ಕಣ್ಣೆದುರು ಅಷ್ಟೆತ್ತರದಲ್ಲಿ ನಿಲ್ಲುವುದು ಇವರಿಂದಾಗದು. ಮಂಡಿಯಲ್ಲೇ ತೆವಳುತ್ತಾರೆ. ಕೆಳಗೆ ಏಣಿ ಹಿಡಿದಿರುವುದು ಪೌಲಿಯಾಸಿ ಮೇಷ್ಟ್ರು. ಬಯ್ಯುವುದನ್ನು ಮರೆತು ಬಾಯಿ ತೆರೆದು ನೋಡುತ್ತಿದ್ದಾರೆ.

ತಗಡುದೋಣಿಯ ಕೊನೆಯ ಬೊಗಸೆ ಹುಡಿ ತೆಗೆಯುವಾಗ ಮೊದಲ ಹನಿ ಬೀಳುತ್ತದೆ. ಉನೈಸಿ ಮೊಣಕೈಯನ್ನು ಹೊರಗೆ ತಿರುಗಿಸುತ್ತಾರೆ. ಚಹಾದ ಬಣ್ಣದ ನೀರು ಬಾಳೆಗಿಡಗಳ ಬುಡಕ್ಕೆ ಹೋಗುತ್ತದೆ. ಮಳೆ ಜೋರಾಗುತ್ತದೆ. ಅವರು ಸೂರಿನ ಅಂಚಿನಲ್ಲಿ, ಜೊತೆಗೆ ತಂದಿದ್ದ ಬಿಳಿ ಬಟ್ಟಲೊಡ್ಡಿ ನೀರು ಹಿಡಿಯುತ್ತಾರೆ, ನೋಡುತ್ತಾರೆ, ಚೆಲ್ಲುತ್ತಾರೆ. ಮತ್ತೆ ಹಿಡಿಯುತ್ತಾರೆ, ಚೆಲ್ಲುತ್ತಾರೆ. ಮರದಡಿಯ ಸಭೆ ಯಂಗೋನಾ ಬಿಟ್ಟು ಆ ಬಟ್ಟಲನ್ನೇ ನೋಡುತ್ತಿದೆ. ದೊರೆಯ ಅಂಗಿ ಮೈಗಂಟಿದೆ. ತೋಮಾಸಿ ಮರದ ಬಟ್ಟಲಿನ ಮೇಲೆ ಕೆಸುವಿನ ಎಲೆ ಹಿಡಿದು ತಾವು ನೆನೆಯುತ್ತಿದ್ದಾರೆ. ಕೊನೆಗೆ ಉನೈಸಿ ಬಟ್ಟಲನ್ನು ಬಾಯಿಗೆತ್ತಿ ಕುಡಿಯುತ್ತಾರೆ. ಮೊಣಕೈ ಒಳಕ್ಕೆ ತಿರುಗುತ್ತದೆ. ಖಾಲಿ ಟ್ಯಾಂಕಿನ ತಳಕ್ಕೆ ನೀರು ಧೊಪ್ಪೆಂದು ಬೀಳುವ ಸದ್ದು ಗೇಟಿನವರೆಗೂ ಕೇಳಿಸುತ್ತದೆ. ಮರದಡಿಯಿಂದ ಹೋ ಎಂದು ಕೂಗು ಏಳುತ್ತದೆ. ನಾನೂ ಕೂಗುತ್ತೇನೆ. ಪತ್ರಕರ್ತರು ಕೂಗಬಾರದು ಎಂದು ಎಲ್ಲೂ ಬರೆದಿಲ್ಲ.

ಮಳೆ ತುಸು ಬಿಟ್ಟಾಗ ಉನೈಸಿ ಕೆಳಗಿಳಿಯುತ್ತಾರೆ. ಬೇರಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ದೊರೆಯ ಮುಂದೆ ಮಂಡಿಯೂರಿ, ನೆಲ ನೋಡುತ್ತ ನೀಡುತ್ತಾರೆ. ಹಿರಿಯರಿಗೆ ತಪ್ಪೊಪ್ಪಿಸಿ ಕ್ಷಮೆ ಬೇಡುವ ಪದ್ಧತಿ ಇದು. ಆಗ ನನಗೆ ಹೊಳೆಯುತ್ತದೆ. ಈ ಕಟ್ಟು ಸಭೆಗೆಂದು ತಂದದ್ದಲ್ಲ. ಮೋಡ ನೋಡಿ ಮನೆಯಿಂದ ಹೊರಡುವಾಗಲೇ ಅವರು, ಬೇಕಾದರೆ ದೊರೆಯನ್ನೇ ಎಬ್ಬಿಸುವ ಈ ತಪ್ಪು ಮಾಡುವುದೆಂದು ನಿಶ್ಚಯಿಸಿಕೊಂಡಿದ್ದರು.

ದೊರೆ ಕಟ್ಟನ್ನು ಮುಟ್ಟಿ ಸ್ವೀಕರಿಸುತ್ತಾರೆ. ಸ್ವೀಕರಿಸಿದರೆ ಮಾತು ಮುಗಿಯಿತು, ಮನಸ್ಸಿನಲ್ಲಿ ಏನೂ ಉಳಿಯುವಂತಿಲ್ಲ.

"ಕುಟ್ರೋ ಇದನ್ನ," ಎನ್ನುತ್ತಾರೆ. "ಹೊಸ ನೀರಲ್ಲೇ ಕಲಸಿ. ಒಳಗೆ ಹೋಗೋಣ. ಅವಳೂ ಬರ್ಲಿ."

"ಮೈಯೆಲ್ಲ ಮಸಿ ಒಡೆಯರೇ," ಎನ್ನುತ್ತಾರೆ ಉನೈಸಿ.

"ನನ್ ಮೈಯೆಲ್ಲ ಕೆಸರು. ಬಾ."

ಹಾಲಿನೊಳಗೆ ಒದ್ದೆ ಜನ, ಒದ್ದೆ ಚಾಪೆ. ಉನೈಸಿ ಬಾಗಿಲ ಪಕ್ಕ ಕೂತಿದ್ದಾರೆ. ಮೊಣಕಾಲ ಗೋಣಿಪಟ್ಟಿ ಬಿಚ್ಚಿಲ್ಲ. ಗಣಿಯ ಪಾಳಿ ಮುಗಿಸಿ ಬಂದ ಸಾಕಿಯೂಸಾ ಹೆಂಡತಿಯ ಪಕ್ಕ ಕೂತು, ನಡೆದದ್ದನ್ನು ಯಾರೋ ಪಿಸುಗುಟ್ಟಿ ಹೇಳಿದಂತೆಲ್ಲ ಅವರ ಮುಖ ನೋಡುತ್ತಿದ್ದಾರೆ. ನಾನು ಹತ್ತಿರ ಸರಿದು, ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ ಕೇಳುತ್ತೇನೆ: ಬುಬೂ, ನಿಮಗೇನಾದರೂ ಆಸೆ ಇದೆಯಾ? ಒಳ್ಳೆಯ ಏಣಿ ಎಂದಾರು, ಸಂಬಳ ಎಂದಾರು ಎಂದುಕೊಂಡಿದ್ದೆ.

ಅವರು ಯೋಚಿಸುತ್ತಿರುವಾಗಲೇ ಮಳೆ ಮತ್ತೆ ಬರುತ್ತದೆ. ಈ ಸಲ ಇಡಿಯಾಗಿ, ತಗಡಿನ ಮೇಲೆ ಸುರಿದಂತೆ. ಉನೈಸಿ ಥಟ್ಟನೆ ಎದ್ದು ಅರ್ಧ ನಿಂತುಬಿಡುತ್ತಾರೆ.

"ಕೂತ್ಕೊಳೇ ಬೆಕ್ಕೇ," ಎನ್ನುತ್ತಾರೆ ಮೇಷ್ಟ್ರು. "ಮೊಣಕೈ ಟ್ಯಾಂಕಿನ ಕಡೆಗೇ ಇದೆ. ನಾನೇ ನೋಡ್ಕೊಂಡು ಬಂದೆ."

"ನೀನು ನೋಡಿದ್ಯಾ? ಹತ್ತಿ?"

"ಎರಡು ಮೆಟ್ಲು ಹತ್ತಿ."

ಸಭೆ ನಗುತ್ತದೆ. ಉನೈಸಿ ಮತ್ತೆ ಕೂರುತ್ತಾರೆ. ಬೆನ್ನನ್ನು ಗೋಡೆಗೆ ಆನಿಸುತ್ತಾರೆ, ಕಾಲು ಚಾಚುತ್ತಾರೆ. ತಲೆಯೆತ್ತಿ ಮಾಡು ನೋಡುತ್ತಾರೆ.

"ಇದೇ ಕಣೋ ಮಗಾ," ಎನ್ನುತ್ತಾರೆ ನನಗೆ. "ಮಳೆ ಬರುವಾಗ ಒಂದ್ಸಲ ಈ ಹಾಲಲ್ಲಿ ಸುಮ್ನೆ ಕೂತ್ಕೋಬೇಕು ಅಂತಿತ್ತು. ಈಗ ಮಾತಾಡಿಸ್ಬೇಡ. ಕೇಳಿಸ್ಕೋತೀನಿ."